ಎರಡು ಸೊನ್ನೆ

ಟೆಮಾ ಬಂದರಿನ ನೀರು ಸರಬರಾಜು ಕಚೇರಿಯಲ್ಲಿ
ಕೋರ್ಕೊರ್ ಅರ್ಜಿ ಕೊಟ್ಟು ಎರಡು ವರ್ಷ.
ನಲ್ಲಿ ಬಂದಿಲ್ಲ.
ಗುಮಾಸ್ತ ಪರದೆ ತಿರುಗಿಸಿ ತೋರಿಸಿದ:
"ನಿಮ್ಮ ಮನೆ ಇಲ್ಲಿದೆಯಮ್ಮ."
ಸುತ್ತ ಬರೀ ನೀಲಿ.

ಅಕ್ಷಾಂಶದ ಚೌಕ, ರೇಖಾಂಶದ ಚೌಕ
ಯಾರೋ ತುಂಬದೆ ಬಿಟ್ಟಿದ್ದರು;
ಖಾಲಿಯನ್ನು ಸೊನ್ನೆಯೆಂದು ಓದಿಕೊಂಡ ಯಂತ್ರ
ನೀರು ಕೇಳಿದವಳನ್ನು
ನಡುಗಡಲಿನಲ್ಲಿ ಕೂರಿಸಿತ್ತು.

ಗಂಡ ಓಡಾರ್ಟೆ ಟ್ಯೂನಾ ಹಡಗಿನವನು. ನಕ್ಕ.
"ನೋಡಿದ್ದೇನೆ ಆ ಜಾಗ.
ಹಕ್ಕಿ ಹಿಕ್ಕೆ ಮೆತ್ತಿದ ಒಂದು ತೇಲುಪೀಪಾಯಿ,
ಅಷ್ಟೇ. ಬಾಡಿಗೆ ಕೇಳುವವರಿಲ್ಲ."

ಮಗಳು ಮಾತ್ರ
ಶಾಲೆಯ ಅಟ್ಲಾಸಿನ ಮೇಲೆ ಬೆರಳಿಟ್ಟು
ಗ್ರೀನಿಚ್ಚಿನಿಂದ ಇಳಿದ ಗೆರೆ ಹಿಡಿದು
ಮರಳುಗಾಡು ದಾಟಿ ಬಂದಳು,
ಬಂದರೆ, ಅದು ಅವರ ಹಿತ್ತಿಲು,
ಬಟ್ಟೆ ಒಣಹಾಕುವ ಹಗ್ಗದ ಕೆಳಗೆ.

"ಒಂದು ಸೊನ್ನೆ ಸರಿಯಾಗಿಯೇ ಇದೆಯಮ್ಮ!"

ಮರುದಿನ ಕೋರ್ಕೊರ್ ಮತ್ತೆ ಸಾಲಿನಲ್ಲಿ.
ಅಂಗೈ ಮೇಲೆ ಮಗಳ ಪೆನ್ನಿನ ಅಕ್ಷರ:
ಐದು ಡಿಗ್ರಿ ಮೂವತ್ತೊಂಬತ್ತು ನಿಮಿಷ ಉತ್ತರ.
ಬೆವರಿಗೆ ಅಳಿಸೀತೆಂದು ಕೈ ಮುಚ್ಚದೆ,
ಸಾಲು ಒಂದು ಹೆಜ್ಜೆ ಸರಿದಾಗಲೆಲ್ಲ
ಮೆಲ್ಲಗೆ ಊದುತ್ತ.