ಗಾಳಿ ಯಾವ ಕಡೆಗೆ

ಕುಡತಿನಿ ದಾಟಿ ಎರಡು ಮೈಲಿಗೆ
ರಸ್ತೆ ಕೊಂಚ ಮೈಮುರಿಯುವಲ್ಲಿ
ನನ್ನ ಚಾದಂಗಡಿ, ಮಗ್ಗುಲಿಗೆ ಗಾದಿಲಿಂಗನ ಪಂಕ್ಚರ್ ಶೆಡ್ಡು.
ಅದಿರಿನ ಧೂಳಿಗೆ ಇಬ್ಬರದೂ ಒಂದೇ ಬಣ್ಣ.

ನಸುಕಿನ ನಾಲ್ಕಕ್ಕೆ ಟ್ಯಾಂಕರು ಉರುಳಿತು.
ದೊಡ್ಡ ಸದ್ದೇನೂ ಇಲ್ಲ.
ದಣಿದ ಎಮ್ಮೆ ಕೆಸರಿಗೆ ಕೂತ ಹಾಗೆ, ಅಷ್ಟೆ.
ಆಮೇಲೆ ಸುಯ್ಯೆಂದು ಒಂದು ಉಸಿರು,
ನಿಲ್ಲದ ಉಸಿರು,
ನೆಲ ಹಿಡಿದು ಹರಿದ ಬಿಳಿ ಮಂಜು.
ಈ ಬಯಲಿಗೆ ಅಂಥ ಮಂಜು ಬರುವುದಿಲ್ಲ,
ಗೊತ್ತಿತ್ತು ನನಗೆ.
ಹಾಲಿನ ಕೆಳಗಿನ ಬೆಂಕಿ ಆರಿಸಿದೆ.
ಯಾರೂ ಹೇಳಿರಲಿಲ್ಲ. ಕೈಗೇ ತೋಚಿತು.

ಗಾದಿಲಿಂಗನಿಗೆ ಅಕ್ಷರ ಬಾರದು.
ಅಂಕಿ ಬರುತ್ತದೆ, ಟಯರಿನ ಮೇಲಿನದು ಓದಿ ಓದಿ.
ಬ್ಯಾಟರಿ ಬಿಟ್ಟು ದೂರದಿಂದಲೇ ಕೂಗಿದ:
ಕಿತ್ತಳೆ ಹಲಗೆ. ಒಂದು, ಸೊನ್ನೆ, ಸೊನ್ನೆ, ಐದು.
ಅದನ್ನೇ ನಾನು ಫೋನಿಗೆ ಅಂದೆ.
ಆ ಕಡೆ ಪುಟ ತಿರುವಿದ ಸಪ್ಪಳ.
"ಅಮೋನಿಯಾ" ಎಂದಿತು ನಿದ್ದೆಯ ದನಿ,
ಮರುಗಳಿಗೆ ಅದರಲ್ಲಿ ನಿದ್ದೆ ಇರಲಿಲ್ಲ.
"ಹತ್ರ ಹೋಗಬ್ಯಾಡ್ರಿ. ಬೀಡಿ ಹಚ್ಚಬ್ಯಾಡ್ರಿ.
ಒದ್ದಿ ಅರಿವಿ ಮೂಗಿಗೆ ಕಟ್ರಿ. ತಗ್ಗಿಗೆ ಇಳೀಬ್ಯಾಡ್ರಿ.
ಗಾಳಿ ಯಾವ ಕಡೀಗೆ ಐತಿ, ಮೊದ್ಲು ಅದು ಹೇಳ್ರಿ."

ಕತ್ತಲಲ್ಲಿ ಗಾಳಿಯನ್ನು ಯಾರು ಕಂಡಿದ್ದಾರೆ?
ತಲೆ ಎತ್ತಿದೆ. ಪವರ್ ಪ್ಲಾಂಟಿನ ಚಿಮಣಿ,
ಕೆಂಪು ದೀಪದ ಮೇಲೆ ಬೂದಿ ಹೊಗೆ,
ಒಣಹಾಕಿದ ನನ್ನ ಸೀರೆಗಳ ಶನಿ,
ಎದ್ದ ಕೂಡಲೇ ದಿನಾ ನಾನು ಬೈಯುವ ಹೊಗೆ
ತೋರಣಗಲ್ಲಿನ ಕಡೆ ವಾಲಿತ್ತು.
"ಹಂಗಾದ್ರ ಬಳ್ಳಾರಿ ಕಡೆ ನಡೀರಿ" ಎಂದಿತು ಫೋನು.

ಮಲಗಿದ್ದ ಲಾರಿಯವರನ್ನು ಬಡಿದೆಬ್ಬಿಸಿದೆವು.
ಮರಿಯಂಬಿ ಒಬ್ಬಳೇ ತಿರುಗಿ ಓಡಿದಳು,
ಅವಳ ಮಗಳಿದ್ದದ್ದು ಆ ಕಡೆಯ ಓಣಿಯಲ್ಲಿ.
ಮನೆ ಇರುವ ದಿಕ್ಕಿಗೇ ಅಲ್ಲವೇ ಕಾಲು ಹೋಗುವುದು.
ಹಿಡಿದು ತಂದೆವು. ಫೋನಿನಲ್ಲೇ ಚೀರಿದಳು:
ಕಿಟಕಿ ಹಾಕು, ಸಂದಿಗೆ ಒದ್ದೆ ಗೋಣಿ ತುರುಕು.

ಆಗ ಕೇಳಿದ್ದು ಹಾರ್ನು.
ಟ್ಯಾಂಕರಿನ ಒಳಗಿನಿಂದ.
ಉದ್ದಕ್ಕೆ ಒಂದು. ತಡೆದು ಇನ್ನೊಂದು.

ಬಿದ್ದವರನ್ನು ಕಂಡರೆ ಓಡು, ಎತ್ತು, ನೀರು ಕುಡಿಸು.
ನಮ್ಮ ಅವ್ವಂದಿರು ಕಲಿಸಿದ್ದು ಇದೊಂದೇ.
ನಿಲ್ಲು ಎಂಬುದನ್ನು ಯಾರೂ ಕಲಿಸಿರಲಿಲ್ಲ.
ಗಾದಿಲಿಂಗ ಹೊರಟೇಬಿಟ್ಟ, ಟಯರಿನ ಲಿವರು ಹಿಡಿದು.
ಅಂಗಿ ಹಿಡಿದೆ. ಜೇಬು ಹರಿದು ಕೈಗೆ ಬಂತು.
ಸೊಂಟಕ್ಕೆ ಜೋತುಬಿದ್ದೆ.
"ಬಿಡಬೇ ಯಕ್ಕಾ" ಎಂದ. ಬೈದ. ಅತ್ತ.
ಬಿಡಲಿಲ್ಲ.

ಹಾರ್ನು ನಿಂತ ಮೇಲೂ ಬಿಡಲಿಲ್ಲ.

ನಲವತ್ತು ನಿಮಿಷಕ್ಕೆ ಬಂದರು
ಮುಖ ಕಾಣದ ಮೂವರು, ಬೆನ್ನಿಗೆ ತಮ್ಮ ಗಾಳಿ ಕಟ್ಟಿಕೊಂಡು.
ಟ್ಯಾಂಕರಿಗೆ ಹೊಡೆಯಲಿಲ್ಲ ನೀರನ್ನು,
ಮಂಜಿಗೆ ಅಡ್ಡ ಪರದೆಯಂತೆ ಹಿಡಿದರು.
ಹೊತ್ತು ತಂದ ಹುಡುಗನ ಹೆಸರು ಸುರ್ಜು ಮಹತೋ ಅಂತೆ.
ಒಂದು ಕಣ್ಣು ಹೋಗಿ ಉಳಿದ ಎನ್ನುತ್ತಾರೆ ಕೆಲವರು.
ಇಲ್ಲ ಎನ್ನುತ್ತಾರೆ ಕೆಲವರು.
ನಾನು ಕೇಳಲು ಹೋಗಿಲ್ಲ.

ಗಾದಿಲಿಂಗ ಈಗಲೂ ಚಾಕ್ಕೆ ಬರುತ್ತಾನೆ,
ಆ ರಾತ್ರಿಯ ಮಾತೊಂದು ಬಿಟ್ಟು ಎಲ್ಲ ಆಡುತ್ತಾನೆ.
ಜೇಬು ಸಕ್ಕರೆ ಡಬ್ಬಿಯ ಹಿಂದಿದೆ.
ಅವನು ಕೇಳಿಲ್ಲ, ನಾನು ಹೊಲಿದುಕೊಟ್ಟಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದವಳು
ಒಲೆ ಹಚ್ಚುವ ಮೊದಲು ಮೇಲೆ ನೋಡುತ್ತೇನೆ,
ಚಿಮಣಿಯ ಕಡೆ.
ಬೈಯಲಿಕ್ಕಲ್ಲ.