ಸಕಾರದ ಪರೀಕ್ಷೆ

ಊರ ಹೆಸರು ಹಲ್. ನನ್ನ ಕೆಲಸ ಹಲ್ಲು ಕಟ್ಟುವುದು.
ಗದಗಿನ ಚಿಗವ್ವ ಫೋನಿನಲ್ಲಿ ಇವತ್ತಿಗೂ ನಗುತ್ತಾಳೆ:
"ಊರೂ ಹಲ್ಲ, ಉದ್ಯೋಗಾನೂ ಹಲ್ಲ.
ಕಡ್ಲಿ ಸಿಕ್ಕಾವೇನವಾ?"

ಸಿಕ್ಕಿವೆ, ಚಿಗವ್ವ. ಮುನ್ನೂರ ನಲವತ್ತು ಪುಟ.
ಆರು ಚಳಿಗಾಲ, ಬಾಗಿಲು ಹಾಕಿದ ಮೇಲೆ,
ಮೇಣ ಕಾಯಿಸುವ ಮೇಜಿನ ತುದಿಯಲ್ಲಿ,
ಪ್ಲಾಸ್ಟರ್ ಧೂಳು ಕೀಲಿಗಳ ಸಂದಿಗಿಳಿದು
ಒಂದಕ್ಷರ ಒತ್ತಿದರೆ ಎರಡು ಬೀಳುವ ಲ್ಯಾಪ್‌ಟಾಪಿನಲ್ಲಿ.
ಇಂಗ್ಲಿಷಿನಲ್ಲೇ ಬರೆದೆ. ಬೇರೆಯವರ ಬಾಯಿಗೆ
ಹಲ್ಲು ಕೂರಿಸಿ ಕೂರಿಸಿ
ಅಷ್ಟು ಧೈರ್ಯ ಬಂದಿತ್ತು.

ಕಥೆ ಅಣ್ಣಿಗೇರಿ ಹತ್ತಿರದ ಒಂದು ರೈಲು ಗೇಟು,
ಅದನ್ನು ಕಾಯುವ ಗುರುಸಿದ್ದವ್ವ.

ಈಗ ಏಜೆಂಟ್ ಬೇಕು.
ಏಜೆಂಟ್ ಎಂದರೆ ನನಗೆ ಗೊತ್ತಿದ್ದವನು ಒಬ್ಬನೇ,
ಗದಗ ಸ್ಟ್ಯಾಂಡಿನ ಮಾಬುಸಾಬ. ಕೊರಳ ನರ ಉಬ್ಬಿಸಿ
"ಲಕ್ಷ್ಮೇಶ್ವರ ಲಕ್ಷ್ಮೇಶ್ವರ" ಎಂದು ಕೂಗಿ
ಖಾಲಿ ಟೆಂಪೋಗೆ ಜನ ತುಂಬಿ,
ಬಾನೆಟ್ಟಿಗೆ ಎರಡು ಬಡಿದು "ರೈಟ್" ಅನ್ನುತ್ತಿದ್ದ.
ತಾನು ಮಾತ್ರ ಒಮ್ಮೆಯೂ ಹತ್ತಿದವನಲ್ಲ.

ಲಂಡನ್ನಿನ ಏಜೆಂಟರು ಕೂಗುವುದಿಲ್ಲ.
ಇವರಿಗೆ ಮೊದಲ ಮೂರು ಅಧ್ಯಾಯ, ಅವರಿಗೆ ಹತ್ತೇ ಪುಟ,
ಸಾಲಿನ ನಡುವೆ ದುಪ್ಪಟ್ಟು ಜಾಗ,
ಒಂದು ಪುಟದ ಪತ್ರ, ಒಂದು ಪುಟದ ಸಾರಾಂಶ.
ಸಾರಾಂಶದಲ್ಲಿ ಕೊನೆಯನ್ನು ಮುಚ್ಚಿಡಬಾರದು.

ಮುಚ್ಚಿಡದೆ ಹೇಗೆ?
ಇಪ್ಪತ್ತೇಳು ಅಧ್ಯಾಯ ಇಳಿಬಿಟ್ಟಿದ್ದ ಗೇಟನ್ನು
ಒಂದೇ ಸಾಲಿನಲ್ಲಿ ಎತ್ತಬೇಕು:
ರೈಲು ಬರುವುದು ಗೊತ್ತಿದ್ದೂ ಆ ರಾತ್ರಿ ಅವಳು ಗೇಟು ತೆರೆದಳು.
ಬರೆದೆ. ಅಳಿಸಿದೆ. ಅವಳ ಮುಖ ನೋಡಲಾಗಲಿಲ್ಲ.
ಅವಳೋ, ಕಂದೀಲಿನ ಗಾಜು ಒರೆಸುತ್ತ,
"ಹೇಳಿಬಿಡವಾ, ನಾ ಏನ್ ಮುಚ್ಚಿಟ್ಟೀನಿ?" ಎಂದಳು.

ನಿಮ್ಮ ಕಾದಂಬರಿ ಯಾವ ಪುಸ್ತಕಗಳ ಹಾಗಿದೆ, ಎಂದೊಂದು ಖಾನೆ.
ಒಬ್ಬರ ದವಡೆ ಇನ್ನೊಬ್ಬರದರ ಹಾಗಿದ್ದಿದ್ದರೆ
ನನಗೆ ಕೆಲಸವೇ ಇರುತ್ತಿರಲಿಲ್ಲ ಸ್ವಾಮಿ,
ಎಂದು ಬರೆಯಬೇಕೆನಿಸಿತು. ಬರೆಯಲಿಲ್ಲ.
ಎರಡು ಹೆಸರು ಹುಡುಕಿ ತುಂಬಿದೆ.

ಕೌಂಟರಿನ ಮೌರೀನ್ ಪತ್ರ ಓದಿದಳು.
"ಏನು ತಪ್ಪು ಮಾಡಿದ್ದೀ, ಮೂರು ಸಲ ಕ್ಷಮೆ ಕೇಳಿದ್ದೀಯಲ್ಲ?"
ಮೂರನ್ನೂ ಕೆಂಪು ಪೆನ್ನಿನಲ್ಲಿ ಹೊಡೆದಳು.
ನಾಲ್ಕನೆಯದು ನನ್ನ ಸಹಿಯ ಹಿಂದೆ ಅಡಗಿತ್ತು,
ಅವಳಿಗೆ ಕಾಣಲಿಲ್ಲ.

ಫೆಬ್ರವರಿಯ ಮಂಗಳವಾರ, ಹಂಬರ್ ನದಿಯ ಮಂಜು ಕಿಟಕಿಗೆ ಆತುಕೊಂಡಿತ್ತು.
ಹನ್ನೊಂದು ಜನಕ್ಕೆ ಕಳಿಸಿ
ತಟ್ಟೆಯಲ್ಲಿದ್ದ ಅಚ್ಚುಗಳನ್ನು ತೊಳೆದೆ.

ನಾಲ್ವರು: ನಮ್ಮ ಪಟ್ಟಿಗೆ ಹೊಂದುವುದಿಲ್ಲ.
ಆರು ಜನ ಏನೂ ಹೇಳಲಿಲ್ಲ, ಜೂನ್ ಬಂದರೂ.
ಒಬ್ಬರು ಮಾತ್ರ: ಬರವಣಿಗೆ ಹಿಡಿಸಿತು, ಆದರೆ
ನಾಯಕಿಯ ಹೆಸರು ನಾಲಿಗೆಗೆ ಹೊರಳುತ್ತಿಲ್ಲ.
ಬರೀ "ಗುರು" ಎಂದರೆ ಆಗದೇ?

ಗುರು! ಊರ ಗಂಡಸರೆಲ್ಲ ತಿರುಗಿ ನೋಡುತ್ತಾರೆ.

ಗುರುವಾರ ಥರ್ಕೆಟಲ್ ಬಂದರು.
ಎಂಬತ್ತೊಂದು ವರ್ಷ, ನಲವತ್ತು ವರ್ಷ ಮೀನಿನ ಹಡಗು.
ಹೊಸ ಮೇಲ್ಸಾಲು ಕೂರಿಸಿದೆ.
ಸಕಾರ ಸೀಟಿ ಹೊಡೆಯಬಾರದು; ಅದಕ್ಕೇ
ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಿಸುವುದು ವಾಡಿಕೆ.
"ಎಣಿಸಿ ಸಾಕಾಯಿತಮ್ಮ, ಬೇರೇನಾದರೂ ಕೊಡು."

ಕೊಟ್ಟೆ.

ಕನ್ನಡಿ ನೋಡುತ್ತ, ಬಲೆ ಎಳೆಯುವವರ ನಿಧಾನದಲ್ಲಿ,
"ಗುರು" ಎಂದು ನಿಂತರು.
"ಸಿದ್ದ", ಸೀಟಿ ಇಲ್ಲ, ಗಾಳಿ ಇಲ್ಲ.
"ಅವ್ವ."
ಇನ್ನೊಮ್ಮೆ, ಒಂದೇ ಉಸಿರಿಗೆ.

"ಯಾರಿವಳು?"
"ರೈಲು ಗೇಟು ಕಾಯುವವಳು."
"ಆಮೇಲೆ?"

ಹನ್ನೊಂದು ಜನಕ್ಕೆ ಬಿಚ್ಚಿಟ್ಟ ಕೊನೆಯನ್ನು
ಅವರಿಗೆ ಹೇಳಲಿಲ್ಲ.
ಬಾಯಿ ತೆಗೆಯಿರಿ, ಎಂದೆ.
ಎಡಗಡೆ ಇನ್ನೂ ಚುಚ್ಚುತ್ತಿತ್ತು,
ಎಳ್ಳಿನಷ್ಟು ಉಜ್ಜಬೇಕಿತ್ತು.