ಬಲಗಂಬ

ಹತ್ತಿ ಗಿರಣಿಯ ಹೆಬ್ಬಾಗಿಲು, ಮೇಣಬಟ್ಟೆಯ ಮೇಲೆ.
ಬಿಚ್ಚಿದರೆ ಮತ್ತೆ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ,
ನಾಲ್ಕು ಮೂಲೆಗೆ ತಕ್ಕಡಿಯ ಕಲ್ಲು ಹೇರಿದೆ.

ಎರಡು ಕಂಬ, ಮೇಲೆ ತ್ರಿಕೋನ.
ಕಂಬದ ನೆತ್ತಿಯಲ್ಲಿ ಯಾವ ಸೀಮೆಯದೋ ಎಲೆ
ಮುಳ್ಳುಮುಳ್ಳಾಗಿ ಹೊರಕ್ಕೆ ಬಾಗಿದೆ.
ವಿಠೋಬರಾಯರ ಕೈ. ಪಕ್ಕಕ್ಕೆ ಸಣ್ಣಕ್ಷರ:
‘ಎಲೆ ಹೀಗೇ ಬರತಕ್ಕದ್ದು. ಬದಲಿಸ ಕೂಡದು.’

ನಕ್ಷೆ ಕಂಕುಳಲ್ಲಿಟ್ಟು ಮಂಡಿಪೇಟೆ ದಾಟಿ
ಬಾಗಿಲಿಗೇ ಹೋದೆ.
ಕಬ್ಬಿಣದ ಗೇಟು ಯಾರೋ ಮಾರಿಕೊಂಡಿದ್ದಾರೆ,
ತ್ರಿಕೋನದಲ್ಲಿ ಪಾರಿವಾಳದ ಸಂಸಾರ.

ಎಡಗಂಬದ ಎಲೆ ಹೇಳಿದ ಹಾಗೇ ಇದೆ,
ಅಂಜಿ ಅಂಜಿ ತಿದ್ದಿದ ಕಾಪಿ.
ಬಲಕ್ಕೆ ಬರುವಷ್ಟರಲ್ಲಿ ಗಾರೆ ಮೌಲಾಸಾಬನ ಕರಣೆಗೆ
ದಣಿವಾಗಿತ್ತೋ
ಧೈರ್ಯ ಬಂದಿತ್ತೋ,
ಬೆರಳು ಬಿಡಿಸಿದ ಅಂಗೈಯಂಥ ಎಲೆ,
ಸಂದಿಯಲ್ಲೊಂದು ಬಿರಿದ ಕಾಯಿ,
ಸುಣ್ಣದಲ್ಲಿ ಉಬ್ಬಿದ ಹತ್ತಿ.
ಎಂಬತ್ತು ವರ್ಷವಾದರೂ ಯಾರೂ ಬಿಡಿಸಿಕೊಂಡಿಲ್ಲ.

ರಾಯರು ಕತ್ತೆತ್ತಿ ನೋಡಲೇ ಇಲ್ಲವೆ?

ದಾವಣಗೆರೆಯ ಮಟಮಟ ಬಿಸಿಲಿಗೆ
ಬಟ್ಟೆ ಹಿಡಿದು ನೋಡಿದೆ.
‘ಕೂಡದು’ ಎಂಬಲ್ಲಿ ಅಡ್ಡಕ್ಕೊಂದು ಗೀಟು,
ಮಸಿಯದಲ್ಲ, ಪೆನ್ಸಿಲಿನದು.
ಮನಸ್ಸು ಬದಲಾಗಿದ್ದರೆ
ಬ್ರೆಡ್ಡಿನ ಚೂರಿನಿಂದ ಉಜ್ಜಿದರೆ ಸಾಕಿತ್ತು.
ಉಜ್ಜಿಲ್ಲ.